ಬೇಸಿಗೆಯ ಚಕ್ರ: ಮನೆಯ ಮುಂದೆಯೇ ಬದಲಾಯಿಸುವುದು ಹೇಗೆ?

ಜರ್ಮನಿಯಲ್ಲಿ ಕಾರು ಇಟ್ಟವರೆಲ್ಲ ಬಲ್ಲ ಲೆಕ್ಕವೊಂದಿದೆ: ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು, ಅಲ್ಲಿಂದಾಚೆಗೆ ಬೇಸಿಗೆಯದು. ಆದರೆ ಈಸ್ಟರ್ ಒಂದು ವರ್ಷ ಮಾರ್ಚ್‌ನಲ್ಲೇ ಬಂದರೆ ಇನ್ನೊಂದು ವರ್ಷ ಏಪ್ರಿಲ್ 25ರವರೆಗೂ ಹೋಗಬಹುದು. ಕಾನೂನು ಕೂಡ ಇಂಥದ್ದೇ ದಿನ ಎನ್ನುವುದಿಲ್ಲ. ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರು ಇರಲೇಬೇಕು, ಇಲ್ಲದಿದ್ದರೆ ಕನಿಷ್ಠ 60 ಯೂರೊ ದಂಡ, ಅಷ್ಟೆ. ಹಾಗಾಗಿ ಹಬ್ಬಕ್ಕಿಂತ ಹವೆಯನ್ನು ನೋಡಿ. ಬೆಳಗಿನ ಜಾವದ ಉಷ್ಣಾಂಶವೂ ಬಿಡದೆ 7 ಡಿಗ್ರಿ ದಾಟತೊಡಗಿದ ಮೇಲೆ ಬದಲಾಯಿಸಿ. ಚಳಿಗಾಲದ ಟೈರಿನ ರಬ್ಬರು ಮೆದು. ಬಿಸಿಲಿಗೆ ಇನ್ನೂ ಮೆತ್ತಗಾಗಿ ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಆಲ್ಪ್ಸ್ ಕಡೆ ಪ್ರವಾಸ ಗೊತ್ತಾಗಿದ್ದರೆ ಅದು ಮುಗಿಯುವವರೆಗೆ ಕಾಯಿರಿ.

ಬೆಂಗಳೂರು, ಹುಬ್ಬಳ್ಳಿಯಿಂದ ಸ್ಟುಟ್‌ಗಾರ್ಟ್, ಮ್ಯೂನಿಕ್‌ಗೆ ಬಂದು ನೆಲೆಸಿದ ನಮ್ಮವರಿಗೆ ಒಂದು ಕಾರಿಗೆ ಎರಡು ಸೆಟ್ ಚಕ್ರ ಎಂಬುದೇ ಹೊಸದು. ಊರಲ್ಲಿ ಸ್ಟೆಪ್ನಿ ಹಾಕಿ ರೂಢಿಯಿದ್ದವರಿಗೆ ಕೆಲಸ ಕಷ್ಟವಲ್ಲ. ಎರಡನೇ ಸೆಟ್ಟು ರಿಮ್ ಸಮೇತ ಇರಬೇಕು, ಅಷ್ಟೆ. ಬರೀ ಟೈರು ಇದ್ದರೆ ಅದು ವರ್ಕ್‌ಶಾಪಿನ ಕೆಲಸ.

ನೆಲಮಾಳಿಗೆಯಿಂದ ಚಕ್ರಗಳನ್ನು ತಂದೊಡನೆ ಗ್ರಿಪ್ ಪರೀಕ್ಷಿಸಿ. ಕಾನೂನಿಗೆ 1.6 ಮಿ.ಮೀ. ಆಳ ಸಾಕು, ಆದರೆ ಬೇಸಿಗೆ ಟೈರಿಗೆ 3 ಮಿ.ಮೀ. ಇರಲಿ ಎಂಬುದು ಜರ್ಮನಿಯ ವಾಹನ ಸಂಘ ಎಡಿಎಸಿಯ ಸಲಹೆ. ಅಳೆಯಲು 1 ಯೂರೊ ನಾಣ್ಯವೇ ಸಾಕು. ಗ್ರಿಪ್ ಸಂದಿಗೆ ನಾಣ್ಯ ಇಳಿಸಿದಾಗ ಅದರ ಹೊಂಬಣ್ಣದ ಅಂಚು ಪೂರ್ತಿ ಮುಳುಗಿದರೆ ಆಳ ಸುಮಾರು 3 ಮಿ.ಮೀ. ಇದೆ ಎಂದರ್ಥ. ಟೈರಿನ ಪಕ್ಕದಲ್ಲಿ 'ಡಾಟ್' ಗುರುತಿನ ಕೊನೆಯ ನಾಲ್ಕು ಅಂಕಿ ಅದರ ವಯಸ್ಸು ಹೇಳುತ್ತವೆ: 2319 ಅಂದರೆ 2019ರ 23ನೇ ವಾರ. ಬಿರುಕು, ಉಬ್ಬು ಕಂಡರೆ ಹಾಕಲೇಬೇಡಿ.

ಕಾರು ಸಮತಟ್ಟಾದ ಗಟ್ಟಿ ನೆಲದಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿಟ್ಟು, ಎತ್ತುವ ಚಕ್ರಕ್ಕೆ ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕೊಡಿ. ಚಕ್ರ ನೆಲದ ಮೇಲಿರುವಾಗಲೇ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಹಚ್ಚಿ. ಜಾಕ್ ಇಡುವ ಜಾಗವನ್ನು ಕಾರಿನ ಅಡಿಯಂಚಿನಲ್ಲಿ ಗುರುತು ಮಾಡಿರುತ್ತಾರೆ. ಬೇರೆಲ್ಲಿ ಇಟ್ಟರೂ ತಗಡು ಒಳಸರಿಯುತ್ತದೆ. ಒಮ್ಮೆಗೆ ಒಂದೇ ಚಕ್ರ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕಾಲು ಹಾಕುವಂತಿಲ್ಲ. ಪಕ್ಕದಲ್ಲಿ ಮಕ್ಕಳು ಆಡುತ್ತಿದ್ದರೆ ಒಳಗೆ ಕಳಿಸಿ.

ತುಕ್ಕಿನಿಂದ ಚಕ್ರ ಹಬ್‌ಗೆ ಕಚ್ಚಿಕೊಂಡಿರಬಹುದು. ಆಗ ಬೋಲ್ಟುಗಳನ್ನು ಸಡಿಲವಾಗಿ ಮತ್ತೆ ಹಾಕಿ, ಕಾರನ್ನು ಇಳಿಸಿ, ಒಂದೆರಡು ಅಡಿ ಹಿಂದೆ ಮುಂದೆ ಸರಿಸಿದರೆ ಬಿಡುತ್ತದೆ. ಕಳಚಿದ ಮೇಲೆ ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ. ಬೋಲ್ಟಿನ ಮರೆಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಹಚ್ಚಿದರೆ ಟಾರ್ಕ್ ರೆಂಚ್ ತೋರಿಸುವುದಕ್ಕಿಂತ ಬಿಗಿ ಹೆಚ್ಚಾಗುತ್ತದೆ.

ಬಹುಪಾಲು ಲೇಖನಗಳು ಬಿಟ್ಟುಬಿಡುವ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಬೋಲ್ಟಿನದು. ಚಳಿಗಾಲಕ್ಕೆ ಕಬ್ಬಿಣದ ರಿಮ್, ಬೇಸಿಗೆಗೆ ಅಲಾಯ್ ಇಟ್ಟವರು ತುಂಬ ಜನ. ಎರಡರ ಬೋಲ್ಟೂ ಒಂದೇ ಎಂದುಕೊಳ್ಳಬೇಡಿ. ಬೋಲ್ಟಿನ ತಲೆಯ ಕೆಳಭಾಗ, ಅಂದರೆ ರಿಮ್‌ಗೆ ತಾಗಿ ಕೂರುವ ಭಾಗ, ಕೆಲವುಗಳಲ್ಲಿ ಗುಂಡಗೆ, ಕೆಲವುಗಳಲ್ಲಿ ಶಂಕುವಿನಂತೆ ಇಳಿಜಾರು. ಫೋಕ್ಸ್‌ವ್ಯಾಗನ್ ಕಾರಿನೊಂದಿಗೇ ಬರುವ ರಿಮ್‌ಗಳಿಗೆ ಸಾಮಾನ್ಯವಾಗಿ ಗುಂಡನೆಯದು ಬೇಕು. ಹೊರಗಡೆ ಕೊಂಡ ರಿಮ್‌ಗಳಿಗೆ ಹೆಚ್ಚಾಗಿ ಇಳಿಜಾರಿನದು. ಅದಲು ಬದಲಾದರೆ ಎಷ್ಟೇ ಬಿಗಿ ಮಾಡಿದರೂ ತಾಗುವುದು ಕೂದಲೆಳೆಯಷ್ಟು ಜಾಗ. ಓಡುತ್ತ ಓಡುತ್ತ ಸಡಿಲವಾಗುತ್ತದೆ. ಉದ್ದವೂ ಬೇರೆಯಿರಬಹುದು. ಕಳಚಿದ ಬೋಲ್ಟುಗಳನ್ನು ಆಯಾ ಸೆಟ್ಟಿನ ಹೆಸರು ಬರೆದ ಡಬ್ಬಿಯಲ್ಲಿಡಿ.

ಟೈರಿನ ಮೇಲೆ ಬಾಣದ ಗುರುತಿದ್ದರೆ ಕಾರು ಮುಂದೆ ಓಡುವಾಗ ಚಕ್ರ ಉರುಳುವ ದಿಕ್ಕಿಗೇ ಅದಿರಲಿ. ಗ್ರಿಪ್ ಚೆನ್ನಾಗಿರುವ ಎರಡು ಹಿಂದಕ್ಕೆ. ಮಳೆಯಲ್ಲಿ ಹಿಂಭಾಗ ಜಾರಿದರೆ ಕಾರು ಹಿಡಿತಕ್ಕೆ ಸಿಗುವುದು ಕಷ್ಟ. ಎಲ್ಲ ಬೋಲ್ಟುಗಳನ್ನೂ ಮೊದಲು ಬರಿಗೈಯಲ್ಲಿ ತಿರುಗಿಸಿ. ಕೈಗೆ ಸಲೀಸಾಗಿ ಹೋಗದಿದ್ದರೆ ಮರೆ ಓರೆಯಾಗಿ ಕೂತಿದೆ. ಬಿಚ್ಚಿ ಮತ್ತೆ ಹಾಕಿ. ಎದುರುಬದುರಾಗಿ ಒಂದೊಂದನ್ನೇ ಬಿಗಿಸುತ್ತ ಬಂದು, ಕಾರನ್ನು ಇಳಿಸಿದ ಮೇಲೆ ಟಾರ್ಕ್ ರೆಂಚ್‌ನಿಂದ ಮುಗಿಸಿ. ಅಳತೆ ಕಾರಿನ ಕೈಪಿಡಿಯಲ್ಲಿದೆ. ಫೋಕ್ಸ್‌ವ್ಯಾಗನ್ ಗಾಲ್ಫ್‌ನಂಥ ಕಾರಿಗೆ ಸಾಮಾನ್ಯವಾಗಿ 120 ನ್ಯೂಟನ್ ಮೀಟರ್. ಸ್ಪ್ಯಾನರ್ ಮೇಲೆ ನಿಂತು ತುಳಿಯುವುದು ಬೇಡ. ಅತಿ ಬಿಗಿಯೂ ಬೋಲ್ಟನ್ನು ಎಳೆದು ಕೆಡಿಸುತ್ತದೆ.

ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರುವ ಚೀಟಿ ನೋಡಿ ಗಾಳಿ ತುಂಬಿಸಿ. ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆಯಿದ್ದರೆ ಅದನ್ನೂ ಹೊಸ ಚಕ್ರಗಳಿಗೆ ಹೊಂದಿಸಿ. ಸುಮಾರು 50 ಕಿ.ಮೀ. ಓಡಿಸಿದ ಮೇಲೆ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಇನ್ನೊಮ್ಮೆ ಹಾಕಲೇಬೇಕು.

ತೆಗೆದ ಚಕ್ರಗಳ ಮೇಲೆ ಮುಂದಿನ ಎಡ, ಹಿಂದಿನ ಬಲ ಎಂದು ಸೀಮೆಸುಣ್ಣದಲ್ಲಿ ಬರೆದು, ಉಪ್ಪು ಕೆಸರು ತೊಳೆದು, ಒಣಗಿಸಿ, ಬಿಸಿಲು ಬೀಳದ ತಂಪು ಜಾಗದಲ್ಲಿ ಒಂದರ ಮೇಲೊಂದು ಪೇರಿಸಿಡಿ. ಗ್ರಿಪ್ 4 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಮುಂದಿನ ಹಿಮಕ್ಕೆ ಅವು ಸಾಲವು. ಈಗಲೇ ಗುರುತು ಹಾಕಿಕೊಂಡು ಸೆಪ್ಟೆಂಬರ್‌ನಲ್ಲೇ ಹೊಸದಕ್ಕೆ ಹೇಳಿಬಿಡಿ. ಅಕ್ಟೋಬರ್ ಬಂತೆಂದರೆ ವರ್ಕ್‌ಶಾಪುಗಳಲ್ಲಿ ಸರದಿ ಸಿಗುವುದು ಕಷ್ಟ.