ವಿಷವೇರದ ವೈರಿಯನ್ನು ಮಣಿಸುವ ಬಗೆ

ವೈಶಾಖದ ಬಿಸಿಲಿಗೆ ಬೀದಿಯೆಲ್ಲ ನಿರ್ಜನವಾಗಿದ್ದ ಒಂದು ಮಧ್ಯಾಹ್ನ, ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪೋಕೆಮಾನ್ ಆಟದಲ್ಲಿ ತಲ್ಲೀನನಾಗಿದ್ದ ಅಣ್ಣನ ಮಗನು, ಸ್ಟೀಲಿಕ್ಸ್ ಎಂಬ ಉಕ್ಕಿನ ಮಹಾಸರ್ಪದ ಮೇಲೆ ಮೂರು ಸಲ ವಿಷಪ್ರಯೋಗ ಮಾಡಿ ಮೂರು ಸಲವೂ ವಿಫಲನಾಗಿ, “ಕಾಕಾ, ಇದಕ್ಕ ವಿಷಾನ ಹತ್ತವಲ್ದು ನೋಡು” ಎಂದು ನನ್ನತ್ತ ತಿರುಗಿದನು. ನಾನು ಬಾಯಿ ತೆರೆಯುವಷ್ಟರಲ್ಲಿ, ಆಟದ ಗಂಧವನ್ನೇ ಅರಿಯದಿದ್ದರೂ ಆಯುಷ್ಯವನ್ನೆಲ್ಲ ತೊಗರಿಯ ಹೊಲದಲ್ಲಿ ಸವೆಸಿದ ಅವನ ಮುತ್ಯಾ, ಹೊರಸಿನ ಮೇಲಿಂದಲೇ, ನಮ್ಮ ಕಡೆ ಎಣ್ಣೆ ಎಂದು ಕರೆಯುವ ಕೀಟನಾಶಕದ ಮಾತೆತ್ತಿ, “ಅದ ಹುಳಕ್ಕ ಅದ ಎಣ್ಣಿ ಎಷ್ಟ ಸಲ ಹೊಡಿತಿ? ಎಣ್ಣಿ ಬದಲ ಮಾಡೋ” ಎಂದರು. ಈ ಲೇಖನದ ಸಾರವೆಲ್ಲ ಆ ಮಾತಿನಲ್ಲಿಯೇ ಅಡಗಿದೆ. ಮುಂದಿರುವುದು ಅದರ ವಿವರಣೆ ಮಾತ್ರ.

ವಿರೋಧಿಯನ್ನು ನೇರವಾಗಿ ಪ್ರಹರಿಸದೆ ಅವನ ದೇಹಸ್ಥಿತಿಯನ್ನೇ ಕೆಡಿಸುವ ಉಪಾಯಕ್ಕೆ ಆಟಗಾರರು ‘ಸ್ಟೇಟಸ್ ಎಫೆಕ್ಟ್’ ಎನ್ನುವರು. ನಾವು ಅದನ್ನು ಬಾಧೆ ಎಂದು ಕರೆಯೋಣ. 1996ರಲ್ಲಿ ಜಪಾನಿನಲ್ಲಿ ಮೊದಲು ಪ್ರಕಟವಾದ ಪೋಕೆಮಾನ್ ಆಟದಲ್ಲಿ ವಿಷ, ಸುಡುವಿಕೆ, ಲಕ್ವ, ನಿದ್ರೆ, ಹೆಪ್ಪುಗಟ್ಟುವಿಕೆ ಎಂಬ ಐದು ಮುಖ್ಯ ಬಾಧೆಗಳುಂಟು. ಇವುಗಳಿಗೆ ಜಗ್ಗದ ವೈರಿ ಎದುರಾದಾಗ ಅನುಸರಿಸಬೇಕಾದ ಕ್ರಮ ಹೀಗಿದೆ.

1. ತಪ್ಪಿತೋ, ತಟ್ಟಲಿಲ್ಲವೋ ನೋಡಿರಿ

ಸಿಂಪಡಿಸಿದ ಎಣ್ಣೆಯನ್ನು ಮಳೆ ತೊಳೆದುಹೋದರೆ ಹುಳ ಸಾಯದಿರುವುದು ಹುಳದ ಹೆಚ್ಚುಗಾರಿಕೆಯಲ್ಲ. ಅಂತೆಯೇ ಪರದೆಯ ಮೇಲೆ ‘ಗುರಿ ತಪ್ಪಿತು’ ಎಂಬ ಸೂಚನೆ ಬಂದರೆ ಮತ್ತೊಮ್ಮೆ ಪ್ರಯತ್ನಿಸಬಹುದು. ‘ಪರಿಣಾಮವಿಲ್ಲ’ ಎಂದು ಬಂದರೆ ಆ ಪ್ರಯತ್ನವನ್ನು ಅಲ್ಲಿಗೇ ಬಿಡಬೇಕು. ಈ ಐದರಲ್ಲಿ ಒಂದು ಬಾಧೆ ಈಗಾಗಲೇ ಹಿಡಿದಿರುವ ವೈರಿಗೆ ಇನ್ನೊಂದು ಹಿಡಿಯದೆಂಬುದನ್ನೂ, ಸೇಫ್‌ಗಾರ್ಡ್ ಎಂಬ ರಕ್ಷೆಯು ಐದು ಸರದಿಗಳವರೆಗೆ ಬಾಧೆಯನ್ನು ತಡೆಯುವುದೆಂಬುದನ್ನೂ ಮರೆಯಬಾರದು.

2. ವೈರಿಯ ಜಾತಿಯನ್ನು ಅರಿಯಿರಿ

ಬೆಂಕಿಯ ಜಾತಿಯದು ಸುಡದು, ಹಿಮದ ಜಾತಿಯದು ಹೆಪ್ಪುಗಟ್ಟದು, ವಿಷದ ಹಾಗೂ ಉಕ್ಕಿನ ಜಾತಿಗಳಿಗೆ ಸಾಮಾನ್ಯವಾಗಿ ವಿಷವೇರದು. ವಿದ್ಯುತ್ತಿನ ಜಾತಿಗೆ ಲಕ್ವ ಹೊಡೆಯದೆಂಬ ನಿಯಮ 2013ರ ಎಕ್ಸ್ ಮತ್ತು ವೈ ಆವೃತ್ತಿಗಳಲ್ಲಿ ಬಂದಿತಾದ್ದರಿಂದ, ಹಳೆಯ ಆವೃತ್ತಿಯನ್ನು ಆಡುವವರಿಗೆ ಅದು ಅನ್ವಯಿಸದು.

3. ಅಂತರ್ಗುಣವನ್ನು ಪರೀಕ್ಷಿಸಿರಿ

ಸ್ನೋರ್ಲಾಕ್ಸ್ ಎಂಬ ಪೋಕೆಮಾನ್ ವಿಷದ ಜಾತಿಗಾಗಲಿ ಉಕ್ಕಿನ ಜಾತಿಗಾಗಲಿ ಸೇರಿದ್ದಲ್ಲ. ಆದರೂ ಇಮ್ಯೂನಿಟಿ ಎಂಬ ಗುಣವಿದ್ದರೆ ಅದಕ್ಕೆ ವಿಷ ತಾಗದು. ಇದಕ್ಕಿಂತಲೂ ಅಪಾಯಕಾರಿಯಾದದ್ದು ಗಟ್ಸ್ ಎಂಬ ಗುಣ: ಬಾಧೆ ತಗುಲಿದೊಡನೆ ಆ ವೈರಿಯ ಪ್ರಹಾರಶಕ್ತಿ ಒಂದೂವರೆ ಪಟ್ಟಾಗುವುದರಿಂದ, ನಾವು ಕೊಟ್ಟ ಪೆಟ್ಟೇ ಅದಕ್ಕೆ ಪುಷ್ಟಿಯಾಗುತ್ತದೆ.

4. ಬಾಧೆಯನ್ನು ಬದಲಿಸಿರಿ

ಸ್ಟೀಲಿಕ್ಸ್ ಉಕ್ಕು ಮತ್ತು ನೆಲ ಎಂಬ ಎರಡು ಜಾತಿಗಳಿಗೆ ಸೇರಿದ್ದು. ಉಕ್ಕಾದುದರಿಂದ ವಿಷ ನಿಷ್ಫಲ. ನೆಲವಾದುದರಿಂದ ಲಕ್ವ ತರುವ ಥಂಡರ್ ವೇವ್ ಕೂಡ ನಿಷ್ಫಲ. ಆದರೆ ವಿಲ್-ಓ-ವಿಸ್ಪ್ ಎಂಬ ಕೊಳ್ಳಿದೀಪವನ್ನು ಪ್ರಯೋಗಿಸಿದರೆ ಅದು ಸುಡುತ್ತದೆ. ಸುಟ್ಟ ವೈರಿಯ ದೈಹಿಕ ಹೊಡೆತ ಅರ್ಧಕ್ಕಿಳಿಯುವುದಲ್ಲದೆ, ಇತ್ತೀಚಿನ ಆವೃತ್ತಿಗಳಲ್ಲಿ ಪ್ರತಿ ಸರದಿಗೂ ಅದರ ಪೂರ್ಣ ಜೀವಶಕ್ತಿಯ ಹದಿನಾರನೆಯ ಒಂದು ಭಾಗ ಕ್ಷಯಿಸುತ್ತದೆ.

5. ಬಲಿಯುವ ಪ್ರತಿರೋಧಕ್ಕೆ ಮಿತವ್ಯಯವೇ ಮದ್ದು

2018ರ ಮಾನ್‌ಸ್ಟರ್ ಹಂಟರ್: ವರ್ಲ್ಡ್ ಆಟದಲ್ಲಿ ವಿಷವೋ ಲಕ್ವವೋ ನಿದ್ರೆಯೋ ಒಮ್ಮೆ ಹತ್ತಿದ ಮೃಗಕ್ಕೆ ಅದನ್ನೇ ಮತ್ತೆ ಹತ್ತಿಸಲು, ಒಂದು ಮಿತಿಯವರೆಗೆ, ಮೊದಲಿಗಿಂತ ಹೆಚ್ಚು ಪೆಟ್ಟುಗಳು ಬೇಕಾಗುತ್ತವೆ. ತೊಗರಿಯ ಕಾಯಿಕೊರಕವನ್ನು ಕಂಡ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರೈತರಿಗೆ ಇದು ಹೊಸತೆನಿಸದು. ಪೈರೆಥ್ರಾಯ್ಡ್ ಗುಂಪಿನ ಔಷಧಗಳನ್ನೇ ಪದೇ ಪದೇ ಸಿಂಪಡಿಸಿದಲ್ಲಿ ಬದುಕುಳಿದ ಹುಳಗಳ ಸಂತತಿಯೇ ಬೆಳೆದು, ಆ ಗುಂಪಿನ ಮದ್ದು ನಾಟದಂತಾಯಿತು. ಹೊಲದಲ್ಲಿ ಪ್ರತಿರೋಧವು ಪೀಳಿಗೆಗಳಲ್ಲಿ ಬಲಿಯುತ್ತದೆ, ಆಟದಲ್ಲಿ ಒಂದೇ ಮೃಗದಲ್ಲಿ ಬಲಿಯುತ್ತದೆ. ಎರಡೆಡೆಯಲ್ಲೂ ಮದ್ದಿನ ಗುಂಪನ್ನು ಬದಲಿಸುವುದು, ಇರುವುದನ್ನು ಹದ ನೋಡಿ ಬಳಸುವುದು ಇವೇ ವಿವೇಕ. ಮೊದಲ ಲಕ್ವವನ್ನು ಯುದ್ಧಾರಂಭದಲ್ಲೇ ವ್ಯಯಿಸದೆ ಸಂಗಡಿಗರು ಸಂಕಟದಲ್ಲಿರುವ ಗಳಿಗೆಗೆ ಕಾದಿರಿಸಿರಿ.

6. ಯಾವುದೂ ತಾಗದಿದ್ದರೆ ದಾರಿಯನ್ನೇ ಬದಲಿಸಿರಿ

ಮದ್ದು ನಾಟದ ಹುಳವನ್ನು ನಮ್ಮ ಸೀಮೆಯವರು ತೊಗರಿಯ ಗಿಡದ ಬುಡದಲ್ಲಿ ಹಚ್ಚಡ ಹಾಸಿ, ಗಿಡ ಅಲುಗಿಸಿ, ಉದುರಿಸಿ ಆರಿಸಿದ್ದುಂಟು. ಆಟದಲ್ಲಿಯೂ ಬಾಧೆಗೆ ಜಗ್ಗದ ನಾಯಕ-ವೈರಿಗೆ ನೇರ ಹೊಡೆತವೇ ಗತಿ; ಕ್ವಚಿತ್ತಾಗಿ ವಿಪರೀತೋಪಾಯವೂ ಫಲಿಸುವುದು. 1994ರ ಫೈನಲ್ ಫ್ಯಾಂಟಸಿ 6ರಲ್ಲಿ ಎದುರಾಗುವ ಭೂತದ ರೈಲು ಸತ್ತವರ ವರ್ಗಕ್ಕೆ ಸೇರಿದ್ದು. ಬಿದ್ದ ಸಂಗಡಿಗನನ್ನು ಎಬ್ಬಿಸಲು ಇರಿಸಿಕೊಂಡ ಫೀನಿಕ್ಸ್ ಡೌನ್ ಎಂಬ ಸಂಜೀವಿನಿಯನ್ನು ಅದರ ಮೇಲೆ ಪ್ರಯೋಗಿಸಿದರೆ, ಆ ಜೀವದಾನವೇ ಅದಕ್ಕೆ ಮೃತ್ಯುವಾಗುತ್ತದೆ.

7. ಬರೆದಿಡಿರಿ

ಯಾವ ವೈರಿಗೆ ಯಾವುದು ನಡೆಯದು, ಯಾವುದು ನಡೆದೀತು ಎಂಬುದನ್ನು ಆಟ ಮುಗಿದೊಡನೆ ಟಿಪ್ಪಣಿ ಮಾಡಿಕೊಂಡರೆ ಸೋಲೂ ವ್ಯರ್ಥವಾಗದು. ಆ ಸಂಜೆ ನಮ್ಮ ಹುಡುಗನು, ಮುತ್ಯಾ ಎಣ್ಣೆ ಹೊಡೆದ ದಿನಗಳನ್ನು ಗುರುತು ಹಾಕಿಡುವ ವಹಿಯ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿದ್ದನು: “ಸ್ಟೀಲಿಕ್ಸ್. ವಿಷ ಹತ್ತಂಗಿಲ್ಲ. ಥಂಡರ್ ವೇವ್ ಹತ್ತಂಗಿಲ್ಲ. ಸುಟ್ಟರ ಸುಡ್ತೈತಿ.”