ಅದುಮಿ ಬೇಯಿಸಿದ ಹ್ಯಾಂಬರ್ಗರ್: ರುಚಿ ಮತ್ತು ಆರೋಗ್ಯ

ಕಾದ ಕಾವಲಿಯ ಮೇಲೆ ದೋಸೆಯ ತಳ ಹೊಂಬಣ್ಣಕ್ಕೆ ತಿರುಗುವಾಗ ಏಳುವ ಪರಿಮಳವನ್ನು ಬಲ್ಲವರಿಗೆ, ಮಹಾನಗರಗಳ ಯುವಜನರನ್ನು ಈಗ ಸೆಳೆಯುತ್ತಿರುವ ‘ಸ್ಮ್ಯಾಷ್ ಬರ್ಗರ್’ ಎಂಬ ಅಮೆರಿಕದ ತಿನಿಸಿನ ಗುಟ್ಟು ತಿಳಿಯುವುದು ಕಷ್ಟವಲ್ಲ. ಖೀಮಾದ ಉಂಡೆಯನ್ನು ಚೆನ್ನಾಗಿ ಕಾದ ಕಬ್ಬಿಣದ ಹಲಗೆಯ ಮೇಲಿರಿಸಿ, ಅಗಲವಾದ ಸಟ್ಟುಗದಿಂದ ಬಲವಾಗಿ ಅದುಮಿ ತೆಳುಬಿಲ್ಲೆಯಾಗಿಸಿ, ಬೆಂದ ಮೇಲೆ ಬನ್ನಿನ ನಡುವೆ ಇಟ್ಟು ಕೊಡುತ್ತಾರೆ. ಅಮೆರಿಕದಲ್ಲಿ ಇದು ದನದ ಮಾಂಸ. ನಮ್ಮಲ್ಲಿ ಕೋಳಿ, ಕುರಿಗಳ ಮಾಂಸವೂ ಬಳಕೆಯಲ್ಲಿದೆ.

ಈ ಕ್ರಮ ಹೊಸದಲ್ಲ. ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ ವಾಲ್ಟರ್ ಆಂಡರ್ಸನ್ ಎಂಬ ಅಡುಗೆಯವರು 1916ರಲ್ಲಿ ತೆರೆದ ಪುಟ್ಟ ಅಂಗಡಿಯಲ್ಲಿ ಮಾಂಸವನ್ನು ತೆಳ್ಳಗೆ ಒತ್ತಿ ಬೇಯಿಸುತ್ತಿದ್ದರು. 1921ರಲ್ಲಿ ಪಾಲುದಾರರೊಬ್ಬರೊಡನೆ ಕೂಡಿ ‘ವೈಟ್ ಕ್ಯಾಸಲ್’ ಆರಂಭಿಸಿದರು. ಕೊಚ್ಚಿದ ಮಾಂಸವೆಂದರೆ ಜನ ಶಂಕಿಸುತ್ತಿದ್ದ ಕಾಲವದು. ಆದುದರಿಂದಲೇ ಶುಚಿತ್ವದ ಕುರುಹಾಗಿ ಕಟ್ಟಡಕ್ಕೆ ಬಿಳಿಯ ಬಣ್ಣ. 1934ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದ ‘ಸ್ಟೇಕ್ ಅಂಡ್ ಶೇಕ್’ನವರು ಗಿರಾಕಿಗಳ ಕಣ್ಣೆದುರಿಗೇ ಮಾಂಸವನ್ನು ಕೊಚ್ಚಿ ತೋರಿಸಿದರು. 2007ರಲ್ಲಿ ಡೆನ್ವರಿನಲ್ಲಿ ಆರಂಭವಾದ ‘ಸ್ಮ್ಯಾಷ್‌ಬರ್ಗರ್’ ಅದುಮುವ ಕ್ರಿಯೆಯನ್ನೇ ಹೆಸರಾಗಿಸಿಕೊಂಡಿತು.

ಅದುಮುವುದೇಕೆ? ಮಾಂಸದ ಮೈಯಲ್ಲಿ ನೀರಿನ ಪಸೆ ಇರುವವರೆಗೂ ಅಲ್ಲಿಯ ಉಷ್ಣಾಂಶ 100 ಡಿಗ್ರಿ ಸೆಂಟಿಗ್ರೇಡನ್ನು ಅಷ್ಟಾಗಿ ಮೀರದು. ಅದುಮಿದಾಗ ಮಾಂಸವೆಲ್ಲ ಹಲಗೆಗೆ ತಾಗಿ ನೀರು ಬೇಗನೆ ಆವಿಯಾಗುತ್ತದೆ. ಸುಮಾರು 140 ಡಿಗ್ರಿಯಾದೊಡನೆ ಪ್ರೋಟೀನಿನ ಅಂಶಗಳೂ ಸಕ್ಕರೆಯ ಅಂಶಗಳೂ ಶೀಘ್ರವಾಗಿ ಸಂಯೋಗಗೊಂಡು ಕಂದುಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಫ್ರಾನ್ಸಿನ ವಿಜ್ಞಾನಿ ಮೇಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ದೋಸೆಯ ಹೊಂಬಣ್ಣದಲ್ಲಿಯೂ ಇದರ ಪಾಲುಂಟು. ಅದುಮುವುದು ಮೊದಲ ಅರ್ಧ ನಿಮಿಷದೊಳಗೇ ಆಗಬೇಕು. ಕೊಬ್ಬು ಕರಗಿದ ಮೇಲೆ ಒತ್ತಿದರೆ ರಸವೆಲ್ಲ ಹರಿದುಹೋಗುತ್ತದೆ.

ಇನ್ನು ಆರೋಗ್ಯದ ಮಾತು. ಇಡಿಯ ಮಾಂಸದ ತುಂಡಿನಲ್ಲಿ ರೋಗಾಣುಗಳು ಬಹುಮಟ್ಟಿಗೆ ಹೊರಮೈಯಲ್ಲಿದ್ದು, ಶಾಖ ತಗುಲಿದಾಗ ಬೇಗ ನಾಶವಾಗುತ್ತವೆ. ಕೊಚ್ಚಿದಾಗ ಹೊರಗಿನವು ಒಳಗೆ ಸೇರುತ್ತವೆ. ಹಿಂದಿನವರ ಶಂಕೆ ನಿರಾಧಾರವಾಗಿರಲಿಲ್ಲ. 1993ರಲ್ಲಿ ಪಶ್ಚಿಮ ಅಮೆರಿಕದಲ್ಲಿ, ಸರಿಯಾಗಿ ಬೇಯದ ಹ್ಯಾಂಬರ್ಗರುಗಳಿಂದ ‘ಇ. ಕೋಲೈ’ ಜಾತಿಯ ಒಂದು ಉಗ್ರ ರೋಗಾಣು ಹಬ್ಬಿ ಏಳುನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ನಾಲ್ವರು ಮಕ್ಕಳು ಮೃತರಾದರು. ದನ, ಕುರಿಗಳ ಖೀಮಾದ ನಡುಭಾಗ 71 ಡಿಗ್ರಿಯನ್ನೂ ಕೋಳಿಯದು 74 ಡಿಗ್ರಿಯನ್ನೂ ಮುಟ್ಟಬೇಕೆಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ತೆಳುಬಿಲ್ಲೆಯ ನಡುವಿಗೆ ಈ ಶಾಖ ಬೇಗ ಮುಟ್ಟುವುದರಿಂದ, ಒಳಗೆ ಕೆಂಪಾಗಿಯೇ ಉಳಿಯುವ ದಪ್ಪ ಬರ್ಗರಿಗಿಂತ ಇದು ಕ್ಷೇಮಕರವೆಂದು ನನ್ನ ಅಭಿಪ್ರಾಯ.

ಆದರೆ ತೆಳುವೆಂಬುದೇ ಒಂದು ಮೋಸ. ಒಂದು ಸಾಲದೆನಿಸಿ ಎರಡು ಮೂರು ಬಿಲ್ಲೆಗಳನ್ನು ಪೇರಿಸುತ್ತಾರೆ. ಖೀಮಾದಲ್ಲಿ ರೂಢಿಯಂತೆ ನೂರಕ್ಕೆ ಇಪ್ಪತ್ತು ಪಾಲು ಕೊಬ್ಬಿದ್ದರೆ, 60 ಗ್ರಾಮಿನ ಎರಡು ಹಸಿಬಿಲ್ಲೆಗಳಲ್ಲಿ 24 ಗ್ರಾಮು ಕೊಬ್ಬಾಯಿತು. ಬೇಯುವಾಗ ಸ್ವಲ್ಪ ಇಳಿದುಹೋದರೂ ಚೀಸು ಅದನ್ನು ತುಂಬಿಕೊಡುತ್ತದೆ! ಉಪ್ಪು ದಿನಕ್ಕೆ 5 ಗ್ರಾಮಿನೊಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲಿಯೋ ಮಾಂಸ, ಚೀಸು, ಬನ್ನು, ಸಾಸು, ಜೊತೆಗೆ ಬರುವ ಕರಿದ ಆಲೂಗಡ್ಡೆ, ಎಲ್ಲದರಲ್ಲೂ ಉಪ್ಪು. ರಕ್ತದೊತ್ತಡವುಳ್ಳವರು ಒಂದೇ ಬಿಲ್ಲೆಯದನ್ನು ಕೇಳಿ ಪಡೆದು, ಆಲೂಗಡ್ಡೆಯನ್ನು ಬಿಡುವುದು ಲೇಸು.

ಮನೆಯಲ್ಲಿ ಮಾಡುವವರು ಕಂದುಬಣ್ಣ ಕಂಡೊಡನೆ ಬೆಂದಿತೆಂದು ತಿಳಿಯಬಾರದು. ಖೀಮಾ ಕೆಲವೊಮ್ಮೆ ಬೇಕಾದಷ್ಟು ಕಾಯುವ ಮೊದಲೇ ಒಳಗೂ ಕಂದಾಗುತ್ತದೆ. ಅಡುಗೆಯ ಉಷ್ಣಮಾಪಕದ ಮೊನೆಯನ್ನು ಮೇಲಿನಿಂದಲ್ಲ, ಪಕ್ಕದಿಂದ ನಡುವಿನವರೆಗೆ ತೂರಿಸಿ ನೋಡಬೇಕು. ಹಸಿಮಾಂಸ ಮುಟ್ಟಿದ ಸಟ್ಟುಗವನ್ನು ತೊಳೆಯದೆ ಬೆಂದುದಕ್ಕೆ ತಾಗಿಸಬಾರದು.