ಎದೆಗಾರಿಕೆಯೂ ಡ್ಯೂಟಿ ಪಟ್ಟಿಯೂ

ಶೆಟ್ಟಿಹಳ್ಳಿಯ ಮನೆಯಿಂದ ಜಾಲಹಳ್ಳಿ ಕ್ರಾಸಿಗೆ ಬಂದು, ಅಲ್ಲಿಂದ ಬಸ್ಸನ್ನೋ ಮೆಟ್ರೋವನ್ನೋ ಹಿಡಿದು ಆಸ್ಪತ್ರೆಗೆ ಹೋಗಿಬರುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ದಾದಿ ನಾನು. ಎದೆ ಗಟ್ಟಿ ಮಾಡಿಕೊಳ್ಳಬೇಕು, ರೋಗಿಯ ಮುಂದೆ ಕಣ್ಣೀರು ತರಬಾರದು ಎಂದು ಹಿರಿಯರು ನಮಗೆ ಮೊದಲ ದಿನದಿಂದಲೂ ಬೋಧಿಸುತ್ತಿದ್ದರು. ಆ ಬೋಧೆ ಸುಳ್ಳಲ್ಲ; ಆದರೆ ಅದೊಂದೇ ಸಾಲದೆಂಬುದು 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ, ಕೊರೋನಾದ ಎರಡನೆಯ ಅಲೆ ಬೆಂಗಳೂರಿನ ಮೇಲೆರಗಿದಾಗ ನನಗೆ ಮನದಟ್ಟಾಯಿತು.

ಹಾಸಿಗೆಗೂ ಆಮ್ಲಜನಕಕ್ಕೂ ಜನ ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಆ ದಿನಗಳಲ್ಲಿ, ಪಿಪಿಇ ಕಿಟ್ ತೊಟ್ಟು ಒಳಹೊಕ್ಕರೆ ಅದನ್ನು ಕಳಚುವವರೆಗೆ ಗುಟುಕು ನೀರಿಗೂ ಅವಕಾಶವಿರಲಿಲ್ಲ. ಹೊರಬಂದು ನೋಡಿದರೆ ಮೂಗಿನ ಮೇಲೆ ಮಾಸ್ಕು ಕೊರೆದ ಕೆಂಪು ಗೆರೆ, ಗ್ಲೌಸಿನೊಳಗೆ ಬೆವರಿನಲ್ಲಿ ನೆನೆದು ಸುಕ್ಕಾದ ಬೆರಳುಗಳು. ಇವು ನಿದ್ರೆಯಿಂದ ಇಳಿಯುವ ಆಯಾಸಗಳು. ಇಳಿಯದಿದ್ದುದು ಬೇರೊಂದು. ಒಳಗೆ ಬರಲಾಗದ ಮಕ್ಕಳು ವಿಡಿಯೋ ಕಾಲಿನಲ್ಲಿ ತಂದೆಯನ್ನು ಕೂಗುವಾಗ ಆ ಫೋನನ್ನು ಹಿಡಿದವರು ನಾವು, "ಸಿಸ್ಟರ್, ಅಪ್ಪ ಕಣ್ಣು ಬಿಟ್ರಾ?" ಎಂಬುದಕ್ಕೆ ಉತ್ತರ ಹೇಳಬೇಕಾದವರು ನಾವು, ಮರುಗಳಿಗೆಯೇ ಪಕ್ಕದ ಹಾಸಿಗೆಯ ಡ್ರಿಪ್ ಬದಲಿಸಬೇಕಾದವರೂ ನಾವೇ.

ಆಗ ನಮ್ಮ ವಾರ್ಡಿನ ಹಿರಿಯ ಸಿಸ್ಟರೊಬ್ಬರು, ಯಾವ ಆದೇಶಕ್ಕೂ ಕಾಯದೆ, ಒಂದು ಪದ್ಧತಿಯನ್ನು ಆರಂಭಿಸಿದರು. ಯಾರಿಗೆ ಎಷ್ಟು ಆಮ್ಲಜನಕ, ಯಾವ ಇಂಜೆಕ್ಷನ್ ಬಾಕಿ ಎಂಬ ಹ್ಯಾಂಡ್‌ಓವರ್ ಮುಗಿದ ಬಳಿಕ, ರಾತ್ರಿ ತೀರಿಕೊಂಡವರ ಹೆಸರು ಹೇಳಿ, ಅವರ ಬಳಿಯಿದ್ದವಳನ್ನು "ಹೇಳಮ್ಮ, ಹೇಗಾಯಿತು?" ಎಂದು ಕೇಳುವರು. ಅಳುವವಳು ಅಳುವಳು; ಮಾತು ಬಾರದವಳು ಕಾಫಿ ಲೋಟ ಹಿಡಿದು ಸುಮ್ಮನಿರುವಳು. ಸಾಲಾಗಿ ನೈಟ್ ಡ್ಯೂಟಿ ಮುಗಿಸಿದವಳನ್ನು ರಜೆಯ ದಿನ ಫೋನ್ ಮಾಡಿ ಕರೆಯಕೂಡದೆಂದು ಮೇಲಿನವರೊಡನೆ ಅವರು ವಾದಿಸಿ ಗೆದ್ದರು ಕೂಡ. ರಾಜೀನಾಮೆ ಬರೆದಿಟ್ಟಿದ್ದ ಕಿರಿಯಳೊಬ್ಬಳು ಅದನ್ನು ಕೊಡಲೇ ಇಲ್ಲ. ಅವಳ ಎದೆ ರಾತ್ರೋರಾತ್ರಿ ಕಲ್ಲಾಯಿತೆಂದು ನಾನು ನಂಬಲಾರೆ. ಅವಳಿಗೆ ನಿದ್ರೆ ದೊರಕಿತು, ಕೇಳುವವರು ದೊರಕಿದರು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇಂಥ ವೃತ್ತಿ-ಬಳಲಿಕೆಯನ್ನು ವ್ಯಾಧಿಯೆಂದು ಕರೆಯದೆ, ಸರಿಯಾಗಿ ನಿರ್ವಹಿಸದ ದೀರ್ಘಕಾಲದ ಕೆಲಸದೊತ್ತಡದ ಫಲವೆಂದು ಕರೆದದ್ದು ನಮ್ಮಂಥವರ ಪಾಲಿಗೆ ನ್ಯಾಯದ ಮಾತಾಗಿದೆ. ನಮ್ಮ ನಿಮ್ಹಾನ್ಸಿನ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೆನ್ನದೆ ಕನ್ನಡದಲ್ಲಿಯೇ ಆಪ್ತಸಮಾಲೋಚನೆ ದೊರೆಯುತ್ತದೆ. ಸಂಕೋಚಪಡದೆ ಕರೆ ಮಾಡಿರೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ನಲವತ್ತು ಹಾಸಿಗೆಗಳ ವಾರ್ಡಿನಲ್ಲಿ ಇಬ್ಬರನ್ನೇ ನಿಲ್ಲಿಸಿ, ಅವರಿಗೆ ಸ್ಥೈರ್ಯದ ಮೇಲೆ ಉಪನ್ಯಾಸ ಕೊಡಿಸುವುದು ಅನ್ಯಾಯ. ಕೆಲಸಕ್ಕೆ ಸೇರಲು ಹೊರಟ ನೆರೆಹೊರೆಯ ಹುಡುಗಿಯರು ಸಲಹೆ ಕೇಳಿದಾಗ, ಸಂಬಳದೊಡನೆ ಇನ್ನೆರಡನ್ನೂ ವಿಚಾರಿಸಿರೆಂದು ಹೇಳುತ್ತೇನೆ: ರಾತ್ರಿ ಪಾಳಿಯಲ್ಲಿ ಒಬ್ಬೊಬ್ಬರ ಪಾಲಿಗೆ ಎಷ್ಟು ರೋಗಿಗಳು, ಕೊಟ್ಟ ರಜೆಯನ್ನು ಹಿಂದಕ್ಕೆ ಪಡೆಯುವ ವಾಡಿಕೆ ಅಲ್ಲಿ ಉಂಟೋ ಇಲ್ಲವೋ.